ಬೀಥೋವನ್ ಮತ್ತು ನಮ್ಮ ಮಾಮುವಿನ ಕಾಯಿಲೆ



ಈ ಸಂಚಿಕೆಗೆ ಪ್ರತಿ ತರಗತಿಯಿಂದ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆದು ಕೊಡಬೇಕೆಂದು ನಮ್ಮ ಕನ್ನಡ ಮೇಡಂ ಹೇಳಿದಾಗ ಟಿಪ್ಪು ಸುಲ್ತಾನ್ ಮತ್ತು ಅಬ್ದುಲ್ ಕಲಾಂ ಇಬ್ಬರ ಹೆಸರನ್ನೂ ಸೈನ್ಸ್ ವಿಭಾಗದವರು ಮೊದಲೇ ಬರೆಸಿಬಿಟ್ಟಿದ್ದರು. ನಾನು ಬೀಥೋವನ್ ಎಂದೆ. ಕಾಮರ್ಸ್ ಹುಡುಗರಿಗೂ ಜರ್ಮನಿಯ ಸಂಗೀತಕ್ಕೂ ಏನು ಸಂಬಂಧ ಎಂದು ಹಿಂದಿನ ಬೆಂಚಿನವರು ನಕ್ಕರು. ನನಗೆ ಆ ಸಂಗೀತದ ಬಗ್ಗೆ ಏನೂ ತಿಳಿಯದು ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ನಮ್ಮ ಬೀದಿಯಲ್ಲಿ ಒಂದು ಹಳೆಯ ವ್ಯಾನ್ ಇದೆ, ಅದು ರಿವರ್ಸ್ ಬರುವಾಗ ಒಂದು ಟ್ಯೂನ್ ಬಾರಿಸುತ್ತದೆ. ಅದರ ಹೆಸರು ಫ್ಯೂರ್ ಎಲಿಸ್, ಬೀಥೋವನ್ 1810ರಲ್ಲಿ ಬರೆದದ್ದು, ಅವರು ಸತ್ತು ನಲವತ್ತು ವರ್ಷದ ನಂತರ 1867ರಲ್ಲಿ ಅಚ್ಚಾದದ್ದು ಎಂದು ನನಗೆ ಗೊತ್ತಾದದ್ದು ಇತ್ತೀಚೆಗೆ. ನಾನು ಬರೆಯಲು ಹೊರಟಿರುವುದು ಅವರ ಸಂಗೀತಕ್ಕಿಂತ ಹೆಚ್ಚಾಗಿ ಅವರ ಲಿವರ್ ಬಗ್ಗೆ. ಅದಕ್ಕೆ ಕಾರಣ ನನ್ನ ಮಾಮು.

ನಮ್ಮ ಮಾಮು, ಅಂದರೆ ಅಮ್ಮಿಯ ಅಣ್ಣ, ಬಳೆ ಅಂಗಡಿ ಇಟ್ಟುಕೊಂಡಿದ್ದಾರೆ. ಎರಡು ವರ್ಷದ ಹಿಂದೆ ಅವರ ಕಾಲು ಊದಿಕೊಂಡಿತು, ಆಮೇಲೆ ಹೊಟ್ಟೆ ಉಬ್ಬಿತು, ಕಣ್ಣು ಹಳದಿಯಾಯಿತು. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಲಿವರ್ ಸಿರೋಸಿಸ್ ಎಂದರು. ಆ ಒಂದು ಮಾತು ನಮ್ಮ ಖಾಂದಾನಿನಲ್ಲಿ ಬೆಂಕಿಯ ಹಾಗೆ ಹರಡಿತು. ಲಿವರ್ ಹಾಳಾಗಿದೆ ಎಂದರೆ ಜನ ಒಂದೇ ಅರ್ಥ ಮಾಡಿಕೊಳ್ಳುತ್ತಾರೆ. ಐದು ಹೊತ್ತು ನಮಾಜಿಗೆ ಹೋಗುವ ಮನುಷ್ಯ ಕದ್ದು ಕುಡಿಯುತ್ತಿದ್ದನಂತೆ ಎಂದು ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಹೇಳಿದರು. ಒಂದು ಮದುವೆಯಲ್ಲಿ ಮಾಮುವಿಗೆ ಬೇರೆ ಗ್ಲಾಸಿನಲ್ಲಿ ನೀರು ಕೊಟ್ಟರು. ನಾನೂ ಒಂದು ದಿನ ಅವರ ಮನೆಗೆ ಹೋದಾಗ, ಅವರು ಮಲಗಿದ್ದ ಹೊತ್ತಿನಲ್ಲಿ, ಗೋಡೆಗೆ ತೂಗಿದ್ದ ಅವರ ಅಂಗಿಯನ್ನು ಮೂಸಿ ನೋಡಿದೆ. ಅತ್ತರಿನ ವಾಸನೆ ಮಾತ್ರ ಇತ್ತು. ಇದನ್ನು ಬರೆಯಲು ನನಗೆ ಈಗಲೂ ನಾಚಿಕೆಯಾಗುತ್ತದೆ.

ಈಗ ಬೀಥೋವನ್ ವಿಷಯಕ್ಕೆ ಬರುತ್ತೇನೆ.

ಲುಡ್ವಿಗ್ ವಾನ್ ಬೀಥೋವನ್ ಜರ್ಮನಿಯ ಬಾನ್ ನಗರದಲ್ಲಿ ಹುಟ್ಟಿದರು. ಹುಟ್ಟಿದ ದಿನದ ದಾಖಲೆ ಇಲ್ಲ, ಚರ್ಚಿನಲ್ಲಿ ಹೆಸರಿಟ್ಟ ದಿನ 1770ರ ಡಿಸೆಂಬರ್ 17. ಅಜ್ಜ ಅಲ್ಲಿನ ಅರಮನೆಯ ಸಂಗೀತ ಮುಖ್ಯಸ್ಥರು. ತಂದೆ ಯೋಹಾನ್ ಅದೇ ಅರಮನೆಯಲ್ಲಿ ಹಾಡುಗಾರ, ಆದರೆ ಕುಡುಕ. ಅಜ್ಜಿಗೂ ಕುಡಿತದ ಚಟವಿತ್ತು. ಮಗನನ್ನು ಇನ್ನೊಬ್ಬ ಮೊಜಾರ್ಟ್ ಮಾಡಿ ಹಣ ಗಳಿಸಬೇಕೆಂದು ತಂದೆ ಬಹಳ ಕಠಿಣವಾಗಿ ಪಾಠ ಹೇಳಿಕೊಟ್ಟರು. 1787ರಲ್ಲಿ ತಾಯಿ ಕ್ಷಯರೋಗದಿಂದ ತೀರಿಕೊಂಡಾಗ ಹುಡುಗನಿಗೆ ಹದಿನಾರು ವರ್ಷ. ನನಗಿಂತ ಒಂದು ವರ್ಷ ಚಿಕ್ಕವನು. ತಂದೆಯ ಕುಡಿತ ಹೆಚ್ಚಾಯಿತು. ಎರಡು ವರ್ಷದ ನಂತರ ಈ ಹುಡುಗ ಅರಮನೆಗೆ ಅರ್ಜಿ ಬರೆದು, ತಂದೆಯ ಸಂಬಳದಲ್ಲಿ ಅರ್ಧವನ್ನು ತಮ್ಮಂದಿರ ಖರ್ಚಿಗೆ ತನ್ನ ಕೈಗೇ ಕೊಡಬೇಕೆಂದು ಕೇಳಿಕೊಂಡ. ಅರ್ಜಿ ಒಪ್ಪಿಗೆಯಾಯಿತು. ಹದಿನೆಂಟನೇ ವಯಸ್ಸಿಗೆ ಮನೆಯ ಯಜಮಾನನಾದ. ಅವನಿಗೆ ಇಬ್ಬರು ತಮ್ಮಂದಿರು, ಕಾರ್ಲ್ ಮತ್ತು ಯೋಹಾನ್. ಅವರ ವಿಷಯ ಮುಂದೆ ಬರುತ್ತದೆ.

1792ರ ನವೆಂಬರಿನಲ್ಲಿ ಬೀಥೋವನ್ ಆಸ್ಟ್ರಿಯಾದ ವಿಯೆನ್ನಾಕ್ಕೆ ಹೋದರು. ಹೇಡನ್ ಎಂಬ ದೊಡ್ಡ ಸಂಗೀತಗಾರರ ಬಳಿ ಕಲಿತರು. ಮರು ತಿಂಗಳೇ ತಂದೆ ತೀರಿಕೊಂಡರು. ಬೀಥೋವನ್ ಮತ್ತೆ ಬಾನ್‌ಗೆ ಹೋಗಿ ನೆಲೆಸಲಿಲ್ಲ. ವಿಯೆನ್ನಾದಲ್ಲಿ ಪಿಯಾನೊ ನುಡಿಸುವುದರಲ್ಲಿ ಅವರಿಗೆ ಬೇಗ ಹೆಸರು ಬಂತು.

ಸುಮಾರು 1798ರಿಂದ ಕಿವಿ ಮಂದವಾಗತೊಡಗಿತು. ಕಿವಿಯ ಕಥೆ ಎಲ್ಲರಿಗೂ ಗೊತ್ತು, ಶಾಲೆಯ ಪುಸ್ತಕಗಳಲ್ಲಿ ಬರುವುದು ಅದೊಂದೇ. ಆದರೆ ಹೊಟ್ಟೆಯ ಕಥೆ ಅದಕ್ಕಿಂತಲೂ ಹಳೆಯದು. ಬಾನ್‌ನಲ್ಲಿ ಇದ್ದಾಗಲೇ ಅವರಿಗೆ ಹೊಟ್ಟೆನೋವು, ಭೇದಿ ಇತ್ತು. 1801ರಲ್ಲಿ ಅವರು ತಮ್ಮ ಬಾಲ್ಯದ ಗೆಳೆಯ ವೆಗೆಲರ್ ಎಂಬ ವೈದ್ಯರಿಗೆ ಬರೆದ ಪತ್ರದಲ್ಲಿ ಎರಡನ್ನೂ ಒಟ್ಟಿಗೆ ಹೇಳಿಕೊಂಡಿದ್ದಾರೆ. ಕಿವಿ ಕೇಳಿಸದೆ ಇರುವುದನ್ನು ಮುಚ್ಚಿಡಲು ಜನರ ಜೊತೆ ಬೆರೆಯುವುದನ್ನೇ ಬಿಟ್ಟರು. ಜನ ಅವರನ್ನು ಜಂಬದವರು, ಸಿಡುಕರು ಎಂದರು.

1802ರ ಅಕ್ಟೋಬರಿನಲ್ಲಿ ಹೈಲಿಗೆನ್‌ಸ್ಟಾಟ್ ಎಂಬ ಹಳ್ಳಿಯಲ್ಲಿ ಅವರು ತಮ್ಮಂದಿರಿಗೆ ಒಂದು ಉದ್ದ ಪತ್ರ ಬರೆದರು. ಅದನ್ನು ಅಂಚೆಗೆ ಹಾಕಲಿಲ್ಲ. ಸತ್ತ ಮೇಲೆ ಅವರ ಕಾಗದಗಳ ನಡುವೆ ಸಿಕ್ಕಿತು. ಜನ ನನ್ನನ್ನು ತಪ್ಪು ತಿಳಿದಿದ್ದಾರೆ, ಇದಕ್ಕೆಲ್ಲ ಕಾರಣ ನನ್ನ ಕಾಯಿಲೆ ಎಂಬುದು ಆ ಪತ್ರದ ಸಾರಾಂಶ. ಅದರಲ್ಲಿ ಒಂದು ಬೇಡಿಕೆಯೂ ಇದೆ. ತಾವು ಸತ್ತ ಮೇಲೆ ತಮ್ಮ ವೈದ್ಯರಾದ ಪ್ರೊಫೆಸರ್ ಸ್ಮಿಟ್ ಬದುಕಿದ್ದರೆ, ಅವರಿಂದ ತಮ್ಮ ಕಾಯಿಲೆಯ ವಿವರ ಬರೆಸಿ ಎಲ್ಲರಿಗೂ ತಿಳಿಸಬೇಕು, ಆಗಲಾದರೂ ಜನ ತಮ್ಮನ್ನು ಕ್ಷಮಿಸಿಯಾರು ಎಂದು ಕೇಳಿಕೊಂಡಿದ್ದಾರೆ. ನಾನು ಈ ಮನುಷ್ಯನನ್ನು ಆರಿಸಿಕೊಂಡದ್ದು ಇದೊಂದು ಬೇಡಿಕೆಗಾಗಿ. ಸ್ಮಿಟ್ ಬೀಥೋವನ್‌ಗಿಂತ ಬಹಳ ಮೊದಲೇ ತೀರಿಕೊಂಡರು. ಕಾಯಿಲೆಯ ವಿವರ ಬರೆಯಲು ಬೇರೆಯವರೇ ಬೇಕಾಯಿತು, ಇನ್ನೂರು ವರ್ಷವೂ ಬೇಕಾಯಿತು.

ಆ ಪತ್ರದ ನಂತರದ ಹತ್ತು ವರ್ಷಗಳಲ್ಲಿ ಅವರು ತಮ್ಮ ಹೆಸರಾಂತ ಕೃತಿಗಳಲ್ಲಿ ಬಹಳಷ್ಟನ್ನು ಬರೆದರು. ಐದನೇ ಮತ್ತು ಆರನೇ ಸಿಂಫನಿ ಎರಡನ್ನೂ 1808ರ ಡಿಸೆಂಬರ್ 22ರಂದು ಒಂದೇ ಸಂಜೆ ಮೊದಲ ಬಾರಿ ನುಡಿಸಲಾಯಿತು. ಇದನ್ನು ಸಂಗೀತ ತಿಳಿದವರು ಬರೆಯಲಿ. ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಇಷ್ಟವಾದ ಭಾಗ 1809ರ ಒಪ್ಪಂದ. ಬೀಥೋವನ್ ಬೇರೆ ರಾಜ್ಯದಲ್ಲಿ ಕೆಲಸಕ್ಕೆ ಹೊರಟಾಗ ವಿಯೆನ್ನಾದ ಮೂವರು ಶ್ರೀಮಂತರು ಸೇರಿ, ಊರು ಬಿಡದಿದ್ದರೆ ವರ್ಷಕ್ಕೆ 4000 ಫ್ಲೋರಿನ್ ಕೊಡುತ್ತೇವೆಂದು ಬರೆದುಕೊಟ್ಟರು. ಆರ್ಚ್‌ಡ್ಯೂಕ್ ರುಡಾಲ್ಫ್ 1500, ಪ್ರಿನ್ಸ್ ಕಿನ್‌ಸ್ಕಿ 1800, ಪ್ರಿನ್ಸ್ ಲೊಬ್ಕೊವಿಟ್ಜ್ 700. ಆದರೆ ನೆಪೋಲಿಯನ್ ಜೊತೆಗಿನ ಯುದ್ಧಗಳಿಗೆ ಸರ್ಕಾರ ನೋಟು ಅಚ್ಚು ಹಾಕಿ ಹಾಕಿ, 1811ರಲ್ಲಿ ಹಳೆಯ ಐದು ಫ್ಲೋರಿನ್ ನೋಟಿಗೆ ಹೊಸದು ಒಂದೇ ಎಂದು ಘೋಷಿಸಿತು. ಹಣದುಬ್ಬರ ಎಂದರೆ ಏನೆಂದು ಅರ್ಥಶಾಸ್ತ್ರದ ಸರ್ ಎಷ್ಟು ಸಲ ಹೇಳಿದರೂ ನನಗೆ ತಲೆಗೆ ಹತ್ತಿರಲಿಲ್ಲ, ಇದನ್ನು ಓದಿದ ಮೇಲೆ ಹತ್ತಿತು. ಮರು ವರ್ಷ ಕಿನ್‌ಸ್ಕಿ ಕುದುರೆಯಿಂದ ಬಿದ್ದು ಸತ್ತರು. ಅವರ ವಾರಸುದಾರರ ಮೇಲೆ ಬೀಥೋವನ್ ಕೇಸು ಹಾಕಬೇಕಾಯಿತು.

1815ರಲ್ಲಿ ತಮ್ಮ ಕಾರ್ಲ್ ಕ್ಷಯದಿಂದ ತೀರಿಕೊಂಡರು. ಅವರ ಮಗನ ಹೆಸರೂ ಕಾರ್ಲ್, ಆಗ ಒಂಬತ್ತು ವರ್ಷ. ನಮ್ಮ ಮನೆಯ ಮಾತಿನಲ್ಲಿ ಹೇಳುವುದಾದರೆ ಬೀಥೋವನ್ ಆ ಹುಡುಗನಿಗೆ ಬಡೇ ಅಬ್ಬಾ. ಅವನನ್ನು ಯಾರು ಸಾಕಬೇಕು ಎಂದು ಹುಡುಗನ ತಾಯಿಯ ಜೊತೆ 1820ರವರೆಗೂ ಕೋರ್ಟಿನಲ್ಲಿ ಜಗಳವಾಡಿದರು, ಗೆದ್ದರು. ಒಬ್ಬ ತಾಯಿಯಿಂದ ಮಗನನ್ನು ಹೀಗೆ ಕಿತ್ತುಕೊಂಡದ್ದು ನನಗೆ ಸರಿ ಕಾಣಿಸಲಿಲ್ಲ. ಮಹನೀಯರ ಬಗ್ಗೆ ಹೀಗೆ ಬರೆಯಬಹುದೇ ಎಂದು ಮೇಡಂ ಅವರನ್ನು ಕೇಳಿದೆ, ಬರೆಯಬಹುದು ಎಂದರು. ಹುಡುಗನಿಗಾಗಿ ಅವರು ಉಳಿಸಿದ ಹಣದಲ್ಲಿ 1819ರಲ್ಲಿ ಆಸ್ಟ್ರಿಯಾದ ನ್ಯಾಷನಲ್ ಬ್ಯಾಂಕಿನ ಎಂಟು ಷೇರು ಕೊಂಡರು. ಆ ಬ್ಯಾಂಕ್ ಶುರುವಾಗಿ ಆಗ ಮೂರೇ ವರ್ಷ ಆಗಿತ್ತು.

ಈ ಹೊತ್ತಿಗೆ ಅವರಿಗೆ ಕಿವಿ ಪೂರ್ತಿ ಕೇಳಿಸುತ್ತಿರಲಿಲ್ಲ ಎಂದೇ ಹೇಳಬಹುದು. 1818ರಿಂದ ಮನೆಗೆ ಬಂದವರು ತಾವು ಹೇಳುವುದನ್ನು ಒಂದು ಪುಸ್ತಕದಲ್ಲಿ ಬರೆದು ತೋರಿಸುತ್ತಿದ್ದರು, ಅವರು ಬಾಯಲ್ಲಿ ಉತ್ತರ ಕೊಡುತ್ತಿದ್ದರು. ಹಾಗಾಗಿ ಆ ಪುಸ್ತಕಗಳಲ್ಲಿ ಹೆಚ್ಚಾಗಿ ಇರುವುದು ಬೇರೆಯವರ ಮಾತು. ವಾಟ್ಸಾಪಿನಲ್ಲಿ ಒಬ್ಬರ ಮೆಸೇಜ್ ಮಾತ್ರ ಉಳಿದು ಇನ್ನೊಬ್ಬರದು ಡಿಲೀಟ್ ಆದ ಹಾಗೆ. ಅವರ ಸೆಕ್ರೆಟರಿಯಾಗಿದ್ದ ಶಿಂಡ್ಲರ್ ಎಂಬಾತ ನಂತರ ಆ ಪುಸ್ತಕಗಳಲ್ಲಿ ತನ್ನದೇ ಮಾತು ಸೇರಿಸಿ ಬರೆದದ್ದೂ ಪತ್ತೆಯಾಗಿದೆ. ಸತ್ತವರ ಬಗ್ಗೆ ಯಾರು ಏನು ಬೇಕಾದರೂ ಬರೆಯಬಹುದು.

1821ರ ಬೇಸಿಗೆಯಲ್ಲಿ ಬೀಥೋವನ್ನರಿಗೆ ಕಾಮಾಲೆ ಬಂತು. ನಾವು ಮನೆಯಲ್ಲಿ ಪೀಲಿಯಾ ಎನ್ನುತ್ತೇವೆ, ನನ್ನ ನಾನಿ ಯರಖಾನ್ ಎನ್ನುತ್ತಿದ್ದರು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಕಾಮಾಲೆ ಒಂದು ರೋಗ ಎಂದು ನಾನೂ ತಿಳಿದಿದ್ದೆ. ಅದು ರೋಗವಲ್ಲ, ರೋಗದ ಗುರುತು. ನಮ್ಮ ರಕ್ತದ ಕೆಂಪು ಕಣಗಳು ಹಳತಾಗಿ ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಲಿವರ್ ಅದನ್ನು ಹಿಡಿದು ಪಿತ್ತರಸದ ಜೊತೆ ಕರುಳಿಗೆ ಕಳಿಸುತ್ತದೆ. ಲಿವರ್ ಕೆಲಸ ನಿಲ್ಲಿಸಿದರೆ ಆ ಹಳದಿ ರಕ್ತದಲ್ಲೇ ಉಳಿದು ಕಣ್ಣಿಗೂ ಚರ್ಮಕ್ಕೂ ಬರುತ್ತದೆ. ಲಿವರಿಗೆ ಊತ ಬರುವುದನ್ನು ಹೆಪಟೈಟಿಸ್ ಎನ್ನುತ್ತಾರೆ. ಮದ್ಯದಿಂದ ಬರಬಹುದು, ಕೆಲವು ಔಷಧಿಯಿಂದ ಬರಬಹುದು, ವೈರಸ್ಸಿನಿಂದಲೂ ಬರಬಹುದು. ಎ, ಬಿ, ಸಿ, ಡಿ, ಇ ಎಂದು ಐದು ವೈರಸ್ಸುಗಳಿವೆ. ಎ ಮತ್ತು ಇ ಕೊಳಕು ನೀರು ಮತ್ತು ಆಹಾರದಿಂದ ಬರುತ್ತವೆ, ಸಾಮಾನ್ಯವಾಗಿ ಕೆಲವು ವಾರದಲ್ಲಿ ತಾವಾಗಿ ಹೋಗುತ್ತವೆ. ನಮ್ಮ ಕಡೆ ಕಾಮಾಲೆಗೆ ಹಳ್ಳಿಯಲ್ಲಿ ಸೊಪ್ಪಿನ ರಸ ಕುಡಿದು ವಾಸಿಯಾಯಿತು ಎನ್ನುವವರಲ್ಲಿ ಬಹಳ ಜನರಿಗೆ ಬಂದದ್ದು ಇಂಥದ್ದೇ ಇರಬೇಕು, ರಸ ಕುಡಿಯದಿದ್ದರೂ ಅದು ಹೋಗುತ್ತಿತ್ತು. ಬಿ ಮತ್ತು ಸಿ ಹಾಗಲ್ಲ. ಅವು ರಕ್ತದ ಮೂಲಕ ಬರುತ್ತವೆ ಮತ್ತು ಎಷ್ಟೋ ಜನರಲ್ಲಿ ಜೀವನಪೂರ್ತಿ ಉಳಿದುಕೊಳ್ಳುತ್ತವೆ. ಡಿ ಒಂದು ವಿಚಿತ್ರ ವೈರಸ್, ಬಿ ಇದ್ದವರಿಗೆ ಮಾತ್ರ ಅಂಟುತ್ತದೆ.

ಹೆಪಟೈಟಿಸ್ ಬಿ ವಿಷಯದಲ್ಲಿ ವಯಸ್ಸು ಮುಖ್ಯ. ದೊಡ್ಡವರಿಗೆ ಅಂಟಿದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನರ ದೇಹ ಅದನ್ನು ಓಡಿಸಿಬಿಡುತ್ತದೆ. ಹುಟ್ಟುವಾಗ ತಾಯಿಯಿಂದ ಮಗುವಿಗೆ ಅಂಟಿದರೆ ಲೆಕ್ಕ ತಿರುಗಾಮುರುಗಾ, ನೂರರಲ್ಲಿ ಸುಮಾರು ತೊಂಬತ್ತು ಮಕ್ಕಳಲ್ಲಿ ಅದು ಉಳಿದುಹೋಗುತ್ತದೆ. ಇನ್ನೊಂದು ವಿಷಯ ನನಗೆ ಆಶ್ಚರ್ಯ ತಂದಿತು. ಲಿವರ್ ಕಣಗಳನ್ನು ಮುಖ್ಯವಾಗಿ ಕೊಲ್ಲುವುದು ಆ ವೈರಸ್ ಅಲ್ಲ. ವೈರಸ್ ಹೊಕ್ಕ ಕಣಗಳನ್ನು ನಮ್ಮದೇ ದೇಹದ ರಕ್ಷಣಾ ಪಡೆ ಹುಡುಕಿ ಹುಡುಕಿ ಕೊಲ್ಲುತ್ತದೆ. ಸತ್ತ ಜಾಗದಲ್ಲಿ ಗಾಯ ಮಾಗಿದಂತೆ ಗಟ್ಟಿ ಕಲೆ ಕಟ್ಟುತ್ತದೆ. ಇಪ್ಪತ್ತು, ಮೂವತ್ತು ವರ್ಷ ಹೀಗೆ ನಡೆದರೆ ಮೆತ್ತಗಿರಬೇಕಾದ ಲಿವರ್ ಗಂಟುಗಂಟಾಗಿ ಕಲ್ಲಿನಂತಾಗುತ್ತದೆ. ಅದೇ ಸಿರೋಸಿಸ್. ಅಲ್ಲಿಯವರೆಗೆ ಮನುಷ್ಯನಿಗೆ ನೋವೂ ಇರುವುದಿಲ್ಲ, ಬಳೆ ಮಾರಿಕೊಂಡು ಆರಾಮವಾಗಿ ಇರುತ್ತಾನೆ.

ಬೀಥೋವನ್ ಕಾಮಾಲೆ ಇಳಿದ ಮೇಲೆ ಮತ್ತೆ ಕೆಲಸಕ್ಕೆ ಕೂತರು. 1824ರ ಮೇ 7ರಂದು ಒಂಬತ್ತನೇ ಸಿಂಫನಿ ಮೊದಲ ಸಲ ನುಡಿಸಿದಾಗ ಅವರೂ ವೇದಿಕೆಯ ಮೇಲೆ ಇದ್ದರು. ಹಿಂದಿನಿಂದ ಬರುತ್ತಿದ್ದ ಚಪ್ಪಾಳೆ ಕೇಳಿಸದೆ ನಿಂತಿದ್ದ ಅವರನ್ನು ಕರೋಲಿನ್ ಉಂಗರ್ ಎಂಬ ಗಾಯಕಿ ಜನರ ಕಡೆ ತಿರುಗಿಸಿ ನಿಲ್ಲಿಸಿದರು. ಮರು ವರ್ಷ ಏಪ್ರಿಲಿನಲ್ಲಿ ಹೊಟ್ಟೆಯ ಕಾಯಿಲೆ ಜೋರಾಯಿತು. ಬ್ರೌನ್‌ಹೋಫರ್ ಎಂಬ ವೈದ್ಯರು ವೈನ್, ಕಾಫಿ, ಮಸಾಲೆ ಮೂರನ್ನೂ ನಿಲ್ಲಿಸಿದರು. ಮೂಗಿನಿಂದ, ಬಾಯಿಂದ ರಕ್ತ ಬರುತ್ತಿದೆ ಎಂದು ಮೇ ತಿಂಗಳಲ್ಲಿ ಬೀಥೋವನ್ ಅವರಿಗೆ ಬರೆದಿದ್ದಾರೆ. ರಕ್ತ ಹೆಪ್ಪುಗಟ್ಟಿಸುವ ವಸ್ತುಗಳನ್ನು ತಯಾರಿಸುವುದು ಲಿವರ್, ಅದು ಸೋತರೆ ರಕ್ತ ಬೇಗ ನಿಲ್ಲುವುದಿಲ್ಲ. ಆ ಸಲ ಚೇತರಿಸಿಕೊಂಡರು. ವಾಸಿಯಾದದ್ದಕ್ಕೆ ದೇವರಿಗೆ ಕೃತಜ್ಞತೆ ಹೇಳುವ ಒಂದು ಉದ್ದ ಭಾಗವನ್ನು ಆಗ ಬರೆಯುತ್ತಿದ್ದ ಕೃತಿಯಲ್ಲಿ ಸೇರಿಸಿದರು. ಇದನ್ನು ಮಾತ್ರ ನಾನು ಫೋನಿನಲ್ಲಿ ಪೂರ್ತಿ ಕೇಳಿದೆ. ಬಹಳ ನಿಧಾನವಾಗಿದೆ. ಅರ್ಥವಾಯಿತು ಎಂದು ಸುಳ್ಳು ಹೇಳುವುದಿಲ್ಲ, ಆದರೆ ಮಧ್ಯದಲ್ಲಿ ನಿಲ್ಲಿಸಲೂ ಮನಸ್ಸಾಗಲಿಲ್ಲ.

1826 ಕೆಟ್ಟ ವರ್ಷ. ಬಡೇ ಅಬ್ಬಾನ ಬಿಗಿ ಹಿಡಿತದಲ್ಲಿ ಉಸಿರುಗಟ್ಟಿದ್ದ ಕಾರ್ಲ್ ಆಗಸ್ಟಿನಲ್ಲಿ ತನ್ನ ಜೀವವನ್ನೇ ತೆಗೆದುಕೊಳ್ಳಲು ಹೋಗಿ ಹೇಗೋ ಉಳಿದ. ಅವನ ಆರೈಕೆಗೆಂದು ಇಬ್ಬರೂ ಗ್ನೈಕ್ಸೆನ್‌ಡಾರ್ಫ್ ಹಳ್ಳಿಯಲ್ಲಿದ್ದ ತಮ್ಮ ಯೋಹಾನನ ಎಸ್ಟೇಟಿಗೆ ಹೋದರು. ಯೋಹಾನ್ ಔಷಧಿ ವ್ಯಾಪಾರದಲ್ಲಿ ಹಣ ಮಾಡಿದವರು. ಡಿಸೆಂಬರ್ ಆರಂಭದಲ್ಲಿ, ಕೊರೆಯುವ ಚಳಿಯಲ್ಲಿ, ತೆರೆದ ಗಾಡಿಯಲ್ಲಿ ವಿಯೆನ್ನಾಕ್ಕೆ ವಾಪಸ್ ಬಂದರು. ಬಂದವರೇ ನ್ಯುಮೋನಿಯಾದಿಂದ ಹಾಸಿಗೆ ಹಿಡಿದರು. ನೋಡಲು ಬಂದ ವೈದ್ಯರ ಹೆಸರು ವಾವ್ರುಖ್. ನ್ಯುಮೋನಿಯಾ ಇಳಿಯುವಷ್ಟರಲ್ಲಿ ಕಾಮಾಲೆ ಮತ್ತೆ ಬಂತು, ಕಾಲು ಊದಿತು, ಹೊಟ್ಟೆಯಲ್ಲಿ ನೀರು ತುಂಬಿತು.

ಇದನ್ನು ಓದುವಾಗ ನನಗೆ ಮಾಮುವಿನ ಆಸ್ಪತ್ರೆ ವಾರ್ಡ್ ಕಣ್ಣ ಮುಂದೆ ಬಂತು. ಅದೇ ಕಾಲು, ಅದೇ ಹೊಟ್ಟೆ. ಕಲ್ಲಾದ ಲಿವರ್ ಒಳಗೆ ರಕ್ತ ಸರಾಗವಾಗಿ ಹರಿಯುವುದಿಲ್ಲ, ಟ್ರಾಫಿಕ್ ಜಾಮ್ ಆದ ಹಾಗೆ ಹಿಂದೆ ಒತ್ತಡ ಏರುತ್ತದೆ. ಗುಲ್ಮ ದೊಡ್ಡದಾಗುತ್ತದೆ, ರಕ್ತನಾಳಗಳಿಂದ ನೀರು ಹೊಟ್ಟೆಗೆ ಸೋರುತ್ತದೆ. ರಕ್ತದಲ್ಲಿ ನೀರನ್ನು ಹಿಡಿದಿಡುವ ಆಲ್ಬುಮಿನ್ ಎಂಬ ಪ್ರೋಟೀನನ್ನೂ ಲಿವರ್ರೇ ತಯಾರಿಸಬೇಕು, ಅದೂ ಕಡಿಮೆಯಾಗಿರುತ್ತದೆ. ಮಾಮುವಿಗೆ ಶುದ್ಧ ಮಾಡಿದ ಸೂಜಿ ಹಾಕಿ ನೀರು ತೆಗೆದರು, ನೀರಿಳಿಸುವ ಮಾತ್ರೆ ಕೊಟ್ಟರು, ಉಪ್ಪು ಕಡಿಮೆ ಮಾಡಲು ಹೇಳಿದರು. ಅಂದಿನಿಂದ ಅವರ ಮನೆಯ ಸಾಲನ್ ಸಪ್ಪೆ.

ಬೀಥೋವನ್ನರ ಕಾಲದಲ್ಲಿ ರೋಗಾಣು ಎಂಬುದೇ ಯಾರಿಗೂ ತಿಳಿದಿರಲಿಲ್ಲ. ಅರಿವಳಿಕೆಯೂ ಇರಲಿಲ್ಲ. 1826ರ ಡಿಸೆಂಬರ್ 20ರಂದು ಸೈಬರ್ಟ್ ಎಂಬ ಶಸ್ತ್ರವೈದ್ಯರು ಹೊಟ್ಟೆಗೆ ತೂತು ಮಾಡಿ ನೀರು ತೆಗೆದರು. ಮೊದಲ ಸಲವೇ ಸುಮಾರು 25 ಪೌಂಡ್ ಬಂತೆಂದು ವಾವ್ರುಖ್ ಬರೆದಿದ್ದಾರೆ. ಗಾಯ ಕೀವಾಯಿತು. ನೀರು ಮತ್ತೆ ತುಂಬಿತು. ಜನವರಿ 8, ಫೆಬ್ರವರಿ 2, ಫೆಬ್ರವರಿ 27, ಹೀಗೆ ಒಟ್ಟು ನಾಲ್ಕು ಸಲ. ಇದರ ನಡುವೆ ಜನವರಿ ಆರಂಭದಲ್ಲೇ ಕಾರ್ಲ್ ಸೈನ್ಯಕ್ಕೆ ಸೇರಲು ಹೊರಟುಹೋದ. ಅವನು ತನ್ನ ದೊಡ್ಡಪ್ಪನನ್ನು ಮತ್ತೆ ನೋಡಲಿಲ್ಲ. ಮಾಲ್ಫಾಟಿ ಎಂಬ ಇನ್ನೊಬ್ಬ ದೊಡ್ಡ ವೈದ್ಯರು ಬಂದು, ಮಂಜುಗಡ್ಡೆಯಾಗಿಸಿದ ಮದ್ಯದ ಪಂಚ್ ಕೊಡಿ ಎಂದರು. ಲಿವರ್ ಕಾಯಿಲೆಗೆ ಮದ್ಯವೇ ಮದ್ದು! ಕೆಲವು ದಿನ ನಿದ್ದೆ ಬಂತು, ರೋಗಿಗೆ ಖುಷಿಯಾಯಿತು. ಆಮೇಲೆ ಮತ್ತಷ್ಟು ಕೆಟ್ಟಿತು.

ಖರ್ಚಿಗೆ ಹಣವಿಲ್ಲವೆಂದು ಅವರು ಲಂಡನ್ನಿನ ಫಿಲ್‌ಹಾರ್ಮೋನಿಕ್ ಸೊಸೈಟಿಗೆ ಪತ್ರ ಬರೆಸಿದರು. ಅವರು 100 ಪೌಂಡ್ ಕಳಿಸಿದರು. ಆದರೆ ಸತ್ತ ಮೇಲೆ ಮನೆ ಹುಡುಕಿದಾಗ ಗುಪ್ತವಾದ ಒಂದು ಡ್ರಾಯರಿನಲ್ಲಿ ಏಳು ಬ್ಯಾಂಕ್ ಷೇರುಗಳು ಸಿಕ್ಕಿದವು. ಒಂದನ್ನು ಮಾತ್ರ ಬದುಕಿದ್ದಾಗ ಕೈಬಿಟ್ಟಿದ್ದರು. ಉಳಿದದ್ದು ಕಾರ್ಲ್‌ನದೆಂದು ಮುಟ್ಟಿರಲಿಲ್ಲ. ಇದನ್ನು ಜಿಪುಣತನ ಎಂದು ಕೆಲವರು ಬರೆದಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಮಾಮು ಕೂಡ ಆಸ್ಪತ್ರೆಯಲ್ಲಿ ಇದ್ದಾಗ ಮಗಳ ಮದುವೆಯ ಚೀಟಿ ಹಣ ತೆಗೆಯಲು ಬಿಡಲಿಲ್ಲ.

1827ರ ಮಾರ್ಚ್ 26ರ ಸಂಜೆ, ಗುಡುಗು ಮಳೆಯ ನಡುವೆ, ಬೀಥೋವನ್ ತೀರಿಕೊಂಡರು. ಐವತ್ತಾರು ವರ್ಷ. ಮರುದಿನ ಯೋಹಾನ್ ವಾಗ್ನರ್ ಎಂಬ ವೈದ್ಯರು ಶವಪರೀಕ್ಷೆ ಮಾಡಿದರು. ಲಿವರ್ ಅರ್ಧದಷ್ಟು ಕುಗ್ಗಿತ್ತು, ಚರ್ಮದಂತೆ ಗಡುಸಾಗಿ, ನೀಲಿ ಹಸಿರು ಬಣ್ಣಕ್ಕೆ ತಿರುಗಿತ್ತು, ಮೇಲೆಲ್ಲ ಅವರೆಕಾಳಿನಷ್ಟು ದೊಡ್ಡ ಗಂಟುಗಳಿದ್ದವು. ಗುಲ್ಮ ಎರಡು ಪಟ್ಟಿಗಿಂತ ದೊಡ್ಡದಾಗಿತ್ತು. ಮಾಮುವಿನ ಸ್ಕ್ಯಾನ್ ರಿಪೋರ್ಟಿನಲ್ಲಿ ಇದ್ದದ್ದೂ ಹೆಚ್ಚುಕಡಿಮೆ ಇದೇ. 29ರಂದು ನಡೆದ ಅಂತ್ಯಯಾತ್ರೆಗೆ ಸಾವಿರಾರು ಜನ ಸೇರಿದರು.

ಸಿರೋಸಿಸ್ ಎಂದ ಮೇಲೆ ಜನ ಸುಮ್ಮನಿರುತ್ತಾರೆಯೇ? ಅಪ್ಪ ಕುಡುಕ, ಅಜ್ಜಿ ಕುಡುಕಿ, ಮಗನೂ ಕುಡುಕನೇ ಎಂದು ಸುಮಾರು ಇನ್ನೂರು ವರ್ಷ ಪುಸ್ತಕಗಳಲ್ಲಿ ಚರ್ಚೆ ನಡೆಯಿತು.

ಆ ಕಾಲದಲ್ಲಿ ಸತ್ತವರ ಕೂದಲನ್ನು ನೆನಪಿಗೆ ಕತ್ತರಿಸಿಟ್ಟುಕೊಳ್ಳುವ ಪದ್ಧತಿ ಇತ್ತು. ಬೀಥೋವನ್ನರ ತಲೆಗೂದಲು ಹಾಗೆ ಎಷ್ಟೋ ಮನೆಗಳಿಗೆ ಹಂಚಿಹೋಯಿತು. 2023ರ ಮಾರ್ಚಿನಲ್ಲಿ ಟ್ರಿಸ್ಟನ್ ಬೆಗ್ ಮತ್ತು ಅವರ ಜೊತೆಗಾರ ವಿಜ್ಞಾನಿಗಳು ಅಂಥ ಎಂಟು ಗುಚ್ಛಗಳ ಡಿಎನ್ಎ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಐದು ಗುಚ್ಛಗಳು ಒಬ್ಬನೇ ಮನುಷ್ಯನವು, ಬೀಥೋವನ್ನರವೇ. ಬಹಳ ಪ್ರಸಿದ್ಧವಾಗಿದ್ದ ಒಂದು ಗುಚ್ಛ ಒಬ್ಬ ಹೆಂಗಸಿನದು ಎಂದು ಗೊತ್ತಾಯಿತು! ಸೀಸದ ವಿಷದಿಂದ ಅವರು ಸತ್ತರೆಂದು ಮೊದಲು ಹೇಳಿದ್ದು ಆ ಕೂದಲನ್ನು ನಂಬಿ. ನಿಜವಾದ ಕೂದಲಿನಲ್ಲಿ ಹೆಪಟೈಟಿಸ್ ಬಿ ವೈರಸ್ಸಿನ ಡಿಎನ್ಎ ಚೂರುಗಳು ಸಿಕ್ಕಿದವು. ಸಾಯುವ ಮುಂಚಿನ ತಿಂಗಳುಗಳಲ್ಲಾದರೂ ಅವರಿಗೆ ಆ ಸೋಂಕು ಇತ್ತು. ಲಿವರ್ ಕಾಯಿಲೆಗೆ ದಾರಿ ಮಾಡುವ ಗುಣಗಳೂ ಅವರ ವಂಶವಾಹಿಯಲ್ಲಿದ್ದವು. ಸೋಂಕು ಯಾವಾಗ, ಹೇಗೆ ಅಂಟಿತು ಎಂದು ಕೂದಲು ಹೇಳುವುದಿಲ್ಲ. ಕಿವುಡುತನಕ್ಕೂ ಅದರಲ್ಲಿ ಕಾರಣ ಸಿಗಲಿಲ್ಲ.

ನಿಜ ಹೇಳಬೇಕೆಂದರೆ, ವೈನ್ ತಪ್ಪೇ ಮಾಡಲಿಲ್ಲ ಎಂದು ಬರೆಯಬೇಕೆಂದು ನನಗೆ ಬಹಳ ಆಸೆಯಿತ್ತು. ಹಾಗೆ ಬರೆದರೆ ಮಾಮುವಿನ ಪರವಾಗಿ ಒಳ್ಳೆಯ ವಾದವಾಗುತ್ತಿತ್ತು. ಆದರೆ ವಿಜ್ಞಾನಿಗಳು ಹಾಗೆ ಹೇಳಿಲ್ಲ. ಬೀಥೋವನ್ ಊಟದ ಜೊತೆ ವೈನ್ ಕುಡಿಯುತ್ತಿದ್ದರು. ವೈರಸ್, ವಂಶದ ಗುಣ, ಮದ್ಯ ಮೂರೂ ಸೇರಿ ಆ ಲಿವರನ್ನು ಹಾಳು ಮಾಡಿರಬೇಕು ಎಂಬುದು ಅವರ ಅಭಿಪ್ರಾಯ. ಮಾಮುವಿನ ಲೆಕ್ಕದಲ್ಲಿ ಮೂರನೆಯದು ಇಲ್ಲ.

ಅವರ ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಪಾಸಿಟಿವ್ ಬಂತು. ಆ ಪರೀಕ್ಷೆಯ ಮೂಲ ಬರೂಕ್ ಬ್ಲೂಂಬರ್ಗ್ ಎಂಬ ಅಮೆರಿಕದ ವಿಜ್ಞಾನಿ 1960ರ ದಶಕದಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡ ಒಂದು ಪ್ರೋಟೀನು. ಅದು ಈ ವೈರಸ್ಸಿನ ಹೊರ ಕವಚ ಎಂದು ನಂತರ ತಿಳಿಯಿತು. ಅದರಿಂದಲೇ ಲಸಿಕೆಯೂ ಬಂತು. ಮೊದಲು ಅದು ಬಡವರ ಕೈಗೆ ಎಟುಕದ ಬೆಲೆಯಲ್ಲಿತ್ತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ನಮ್ಮ ದೇಶದಲ್ಲೇ ತಯಾರಿಸಿ ಕಡಿಮೆ ಬೆಲೆಗೆ ಮಾರುಕಟ್ಟೆಗೆ ಬಿಟ್ಟಿತು. ಬಿಸಿನೆಸ್ ಸ್ಟಡೀಸ್ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರು ಇದನ್ನು ನೋಡಬಹುದು.

ಡಾಕ್ಟರು ಮಾಮುವಿನ ಮನೆಯವರನ್ನೂ ಒಡಹುಟ್ಟಿದವರನ್ನೂ ಪರೀಕ್ಷೆಗೆ ಕರೆದರು. ಅಮ್ಮಿಗೂ ಪಾಸಿಟಿವ್ ಬಂತು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ನನ್ನ ನಾನಿ ನಾನು ಐದನೇ ತರಗತಿಯಲ್ಲಿದ್ದಾಗ ಹೊಟ್ಟೆ ಉಬ್ಬಿ ತೀರಿಕೊಂಡಿದ್ದರು. ಆಗ ಯಾರೂ ಯಾವ ಪರೀಕ್ಷೆಯನ್ನೂ ಮಾಡಿಸಿರಲಿಲ್ಲ. ಇಬ್ಬರಿಗೂ ಹುಟ್ಟುವಾಗಲೇ ನಾನಿಯಿಂದ ಬಂದಿರಬಹುದು ಎಂದು ಡಾಕ್ಟರು ಹೇಳಿದರು. ನಾನಿಯ ಮೇಲೆ ಯಾರಾದರೂ ಕುಡಿತದ ಮಾತು ಆಡುತ್ತಾರೆಯೇ ಎಂದು ಅಮ್ಮಿ ಅಳುತ್ತಾ ಕೇಳಿದ್ದು ನನಗೆ ನೆನಪಿದೆ. ನನ್ನ ಮತ್ತು ತಂಗಿಯ ರಿಪೋರ್ಟ್ ನೆಗೆಟಿವ್. ಅಮ್ಮಿ ಕಬ್ಬಿಣದ ಪೆಟ್ಟಿಗೆಯಿಂದ ನಮ್ಮ ತಾಯಿ ಕಾರ್ಡುಗಳನ್ನು ತೆಗೆದು ತೋರಿಸಿದರು. ಹುಟ್ಟಿದಾಗಿನ ಹೆಪಟೈಟಿಸ್ ಬಿ ಚುಚ್ಚುಮದ್ದಿನ ಮುಂದೆ ನರ್ಸ್ ಹಾಕಿದ ನೀಲಿ ಟಿಕ್ ಇನ್ನೂ ಇದೆ.

ಒಂದು ತಟ್ಟೆಯಲ್ಲಿ ಉಂಡರೆ, ಒಂದೇ ಗ್ಲಾಸಿನಲ್ಲಿ ಕುಡಿದರೆ, ಈದ್ ದಿನ ಗಲೇ ಮಿಲಾಯಿಸಿದರೆ ಇದು ಅಂಟುವುದಿಲ್ಲ. ರೇಜರ್, ಟೂತ್‌ಬ್ರಶ್, ಸೂಜಿ ಹಂಚಿಕೊಳ್ಳಬಾರದು. ಮದುವೆಯಲ್ಲಿ ಬೇರೆ ಗ್ಲಾಸ್ ಕೊಟ್ಟವರು ಇದನ್ನು ಓದುವುದಿಲ್ಲ, ಆದರೆ ಅವರ ಮಗ ನಮ್ಮ ಕಾಲೇಜಿನಲ್ಲೇ ಇದ್ದಾನೆ. ಪ್ರಪಂಚದಲ್ಲಿ ಸುಮಾರು 25 ಕೋಟಿ ಜನ ಈ ವೈರಸ್ ಹೊತ್ತು ಬದುಕುತ್ತಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇದನ್ನೆಲ್ಲ ಬರೆಯಲು ಮಾಮುವನ್ನೂ ಅಮ್ಮಿಯನ್ನೂ ಕೇಳಿದೆ. ಅಮ್ಮಿ ಎರಡು ದಿನ ಏನೂ ಹೇಳಲಿಲ್ಲ, ಆಮೇಲೆ ಬರಿ ಎಂದರು. ಮಾಮು ಅಂಗಡಿಯ ಹೆಸರು ಮಾತ್ರ ಹಾಕಬೇಡ ಎಂದರು. ಅವರು ಈಗ ದಿನಕ್ಕೊಂದು ಮಾತ್ರೆ ನುಂಗುತ್ತಾರೆ, ಅದು ವೈರಸ್ಸನ್ನು ಹತೋಟಿಯಲ್ಲಿ ಇಡುತ್ತದೆ. ಹೊಟ್ಟೆ ಇಳಿದಿದೆ, ಸಂಜೆ ನಾಲ್ಕು ಗಂಟೆ ಅಂಗಡಿಯಲ್ಲಿ ಕೂರುತ್ತಾರೆ. ಬೀಥೋವನ್ ಕೂದಲಿನ ಕಥೆ ಹೇಳಿದಾಗ ಅವರು ತಮ್ಮ ಬೋಳು ತಲೆ ಸವರಿಕೊಂಡು, ನನ್ನ ವಿಷಯದಲ್ಲಿ ಯಾರಿಗೂ ಆ ಸೌಲಭ್ಯ ಇಲ್ಲ, ಏನಿದ್ದರೂ ಈಗಲೇ ಬರೆದುಬಿಡು ಎಂದು ನಕ್ಕರು. ಅಂಗಿಯ ವಿಷಯ ಮಾತ್ರ ಅವರಿಗೆ ನಾನು ಹೇಳಿರಲಿಲ್ಲ. ಈ ಸಂಚಿಕೆ ಅಚ್ಚಾಗಿ ಬಂದ ದಿನ ನಾನೇ ತೆಗೆದುಕೊಂಡು ಹೋಗಿ ಓದಿ ಹೇಳಬೇಕು, ಅವರಿಗೆ ಕನ್ನಡ ಓದಲು ಬರುವುದಿಲ್ಲ.

ಅಮ್ಮಿಯ ಲಿವರ್ ಸದ್ಯಕ್ಕೆ ಚೆನ್ನಾಗಿದೆ. ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮತ್ತು ಸ್ಕ್ಯಾನ್ ಇರುತ್ತದೆ. ಮುಂದಿನ ಪರೀಕ್ಷೆಯ ದಿನ ನನಗೆ ಅಕೌಂಟೆನ್ಸಿ ಟೆಸ್ಟ್ ಇರುವುದರಿಂದ ತಂಗಿ ಜೊತೆಗೆ ಹೋಗುತ್ತಾಳೆ.